ಕುಶಾಲನಗರದ ಲಾರಿ ಶೋರೂಮು: ಒಂದು ಕುಯ್ಲು ಮುಗಿದ ಮೇಲೆ ಬರೆದದ್ದು

ಗಾಡಿ ಕೈಗೆ ಬಂದ ದಿನವೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಹೊಸ ಗಾಡಿ ಯಾರಿಗಾದರೂ ಚೆನ್ನಾಗೇ ಕಾಣುತ್ತದೆ ಅಲ್ವಾ? ಒಂದು ಕಾಫಿ ಕುಯ್ಲು ಮುಗಿಯಲಿ ಎಂದು ಕಾದೆ. ಈಗ ರೊಬಸ್ಟಾ ಎಲ್ಲ ಕಣದಿಂದ ಎದ್ದಿದೆ, ಕಾಫಿ ಹೂ ಅರಳಿಸುವ ಹೂ ಮಳೆಯೂ ಬಿದ್ದಿದೆ. ಬರೆಯಲು ಪುರುಸೊತ್ತು ಸಿಕ್ಕಿದೆ.

ಅಂಗಡಿ ಹೆಸರು ಹಾಕುತ್ತಿಲ್ಲ. ಹಾಕಲಾ ಎಂದು ಕೇಳಿದೆ, ಯಜಮಾನರು ಬೇಡ ಎಂದರು. ಕುಶಾಲನಗರದ ಕಡೆ ಗಾಡಿ ಇಟ್ಟವರಿಗೆ ಹೇಗೂ ಗೊತ್ತಾಗುತ್ತದೆ. ಅವರ ಅಪ್ಪ ಮರ ಸಾಗಿಸುವ ಲಾರಿಗಳ ರಿಪೇರಿಯಿಂದ ಶುರು ಮಾಡಿದವರು, ಆಮೇಲೆ ಹಳೆ ಲಾರಿ ಮಾರಾಟ, ಆಮೇಲೆ ಹೊಸದರ ಡೀಲರ್‌ಶಿಪ್. ಈಗ ಲೆಕ್ಕ ನೋಡಿಕೊಳ್ಳುವುದು ಯಜಮಾನರ ಮಗಳು.

ನಮ್ಮದು ಮಾದಾಪುರದ ಹತ್ತಿರ ಆರು ಎಕರೆ ತೋಟ. ಜೊತೆಗೆ ಅಕ್ಕಪಕ್ಕದವರ ಕಾಫಿ ಸಾಗಿಸುವ ಬಾಡಿಗೆ. ಹಳೆ ಪಿಕಪ್‌ಗೆ ಎಂಟು ವರ್ಷ ದಾಟಿ ವರ್ಷವರ್ಷವೂ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸುವ ಹಾಗಾಗಿತ್ತು. ಈ ಸಲ ದೊಡ್ಡದೇ ತಗೊಳ್ಳೋಣ, 14 ಅಡಿಯ ಲಾರಿ, ಒಂದೇ ಟ್ರಿಪ್ಪಿಗೆ ಎಲ್ಲ ಮುಗಿಯಲಿ ಎಂದು ತಲೆಯಲ್ಲಿ ಕೂತಿತ್ತು. ಬೇರೆ ಊರಿನ ಒಂದು ಶೋರೂಮಿನಲ್ಲಿ ಅದಕ್ಕೆ ಒಳ್ಳೆ ಡಿಸ್ಕೌಂಟ್ ಕೂಡ ಹೇಳಿದ್ದರು. ಸುಮ್ನೆ ರೇಟು ಹೋಲಿಸೋಣ ಎಂದು ಇಲ್ಲಿಗೆ ಹೋದೆ. ಯಜಮಾನರು ಬೆಲೆ ಹೇಳಲೇ ಇಲ್ಲ. ‘ನಿಮ್ಮ ತೋಟದ ರಸ್ತೆ ನೋಡಬೇಕು’ ಎಂದರು.

ಜುಲೈ ತಿಂಗಳು. ಮಳೆ ಎಂದರೆ ಮಳೆ. ಆ ಮಳೆಯಲ್ಲಿ ಅವರೇ ಬಂದರು. ಗೇಟಿನ ಹತ್ತಿರ ಜೀಪು ನಿಲ್ಲಿಸಿ, ಪ್ಯಾಂಟು ಮಡಚಿ, ಕೊಡೆ ಹಿಡಿದು ಕಣದವರೆಗೂ ನಡೆದೇ ಹೋದರು. ಮೊದಲ ತಿರುವಿನಲ್ಲಿ ನಿಂತು ಹೆಜ್ಜೆ ಹಾಕಿ ಅಗಲ ಅಳೆದರು. ಮೋರಿಯ ಹತ್ತಿರ ಕೊಡೆ ಮಡಚಿ ಅದನ್ನೇ ಅಳತೆಗೋಲು ಮಾಡಿ, ಕಲ್ಲು ಕಟ್ಟಿದ ಅಂಚಿಗೆ ಇಟ್ಟು ನೋಡಿದರು, ಕೆಳಗೆ ಬಗ್ಗಿ ಕಲ್ಲಿನ ಸಂದಿಗೆ ಕೈ ಹಾಕಿ ಮಣ್ಣು ಎಷ್ಟು ಸಡಿಲ ಎಂದು ಮುಟ್ಟಿದರು. ಕಾಲಿಗೆ ಮೂರು ಜಿಗಣೆ ಹತ್ತಿತ್ತು. ನನ್ನ ಹೆಂಡತಿ ಉಪ್ಪು ತಂದು ಕೊಟ್ಟಳು. ಉಪ್ಪು ಹಾಕಿಕೊಳ್ಳುತ್ತಲೇ ಹೇಳಿದರು: ‘ಈ ಮೋರಿ ಲೋಡ್ ಲಾರಿ ತಡೆಯುವುದಿಲ್ಲ. ಎರಡನೇ ತಿರುವಿನಲ್ಲಿ ರಿವರ್ಸ್ ಹಾಕದೆ ತಿರುಗುವುದಿಲ್ಲ. ಹಿಂದೆ ಪ್ರಪಾತ ಇದೆ. ನಿಮಗೆ ಪಿಕಪ್ಪೇ ಸರಿ, 1.7 ಟನ್ನಿನದು ತಗೊಳ್ಳಿ.’

50 ಕೆಜಿಯ ಮೂಟೆ ಲೆಕ್ಕದಲ್ಲಿ 34 ಮೂಟೆ. ನನ್ನ ಹಳೆಯದರಲ್ಲಿ 26 ಹಾಕುತ್ತಿದ್ದೆ. ಎರಡು ಟ್ರಿಪ್ ಆದರೂ ಆಗಲಿ ಎಂದು ಒಪ್ಪಿಕೊಂಡೆ. ದೊಡ್ಡ ಲಾರಿ ಮಾರಿದ್ದರೆ ಅವರಿಗೇ ಜಾಸ್ತಿ ಸಿಗುತ್ತಿತ್ತು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಇಷ್ಟು ವರ್ಷದಲ್ಲಿ ನನಗೆ ಚಿಕ್ಕ ಗಾಡಿ ತಗೋ ಎಂದ ಮಾರಾಟಗಾರ ಇವರೊಬ್ಬರೇ.

ಬಿಲ್ಲಿನ ವಿಷಯವೂ ಹೇಳಬೇಕು. 2025ರ ಸೆಪ್ಟೆಂಬರ್ ಮೊದಲ ವಾರ ಗಾಡಿ ಯಾರ್ಡಿಗೆ ಬಂದಿತ್ತು. ಆಗಲೇ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ, ಸೆಪ್ಟೆಂಬರ್ 22ರಿಂದ ಜಾರಿ ಎಂದು ಸುದ್ದಿ ಆಯಿತು. ನಾನು ಪೇಪರ್ ನೋಡಿರಲಿಲ್ಲ, ಚೆಕ್ ಹಿಡಿದುಕೊಂಡೇ ಹೋಗಿದ್ದೆ. ಮಗಳು ಚೆಕ್ ವಾಪಸ್ ಕೊಟ್ಟು, 22ಕ್ಕೆ ಬನ್ನಿ ಎಂದಳು. ತೆರಿಗೆ ಬಿಟ್ಟು 8 ಲಕ್ಷದ ಗಾಡಿ ಎಂದರೆ 80 ಸಾವಿರ ಉಳಿತಾಯ. ನವರಾತ್ರಿಯ ಮೊದಲ ದಿನ ಬಿಲ್ ಆಯಿತು, ಆಯುಧ ಪೂಜೆಗೆ ಗಾಡಿ ಮನೆ ಅಂಗಳದಲ್ಲಿತ್ತು.

ಅವತ್ತು ಕಾಗದ ಎಲ್ಲ ಮುಗಿದ ಮೇಲೆ ಯಜಮಾನರು ಮೇಜಿನ ಡ್ರಾಯರಿನಿಂದ ಒಂದು ಉದ್ದನೆಯ ಲೆಡ್ಜರ್ ತೆಗೆದರು. ಬೆನ್ನಿಗೆ ಕಪ್ಪು ಟೇಪ್ ಸುತ್ತಿದ್ದು, ಅಂಚೆಲ್ಲ ಗ್ರೀಸ್ ಕಲೆ. ಮಾರಿದ ಪ್ರತಿ ಗಾಡಿಯೂ ಅದರಲ್ಲಿದೆ: ಕೆಎ 12 ನಂಬರು, ಯಜಮಾನನ ಹೆಸರು, ಫೋನು, ಊರು, ಯಾವ ರಸ್ತೆಯಲ್ಲಿ ಓಡುತ್ತದೆ, ಎಷ್ಟು ಟನ್ನು. ಶುರು ಮಾಡಿದ್ದು ಅವರ ಅಪ್ಪ, ಸರ್ವಿಸ್ ನೆನಪಿಸಲು. 2018ರ ಆಗಸ್ಟ್‌ನಲ್ಲಿ ಈ ಪುಸ್ತಕವೇ ಬೇರೆ ಕೆಲಸಕ್ಕೆ ಬಂತು.

ಆ ತಿಂಗಳು ನಮ್ಮ ಕಡೆಯವರು ಮರೆಯುವ ಹಾಗಿಲ್ಲ. ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ನಿಂತಿತ್ತು. ಮಕ್ಕಂದೂರು, ಹಟ್ಟಿಹೊಳೆ ಕಡೆ ರಸ್ತೆಯೇ ಇರಲಿಲ್ಲ. ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಹೊರಗಿನಿಂದ ಅಕ್ಕಿ, ಕಂಬಳಿ ತುಂಬಿಕೊಂಡು ದೊಡ್ಡ ಲಾರಿಗಳು ಬಂದವು, ಆದರೆ ಒಳಗಿನ ರಸ್ತೆಗೆ ಅವು ಹೋಗುವಂತಿರಲಿಲ್ಲ. ಇವರು ಲೆಡ್ಜರ್ ಬಿಚ್ಚಿಕೊಂಡು ಕೂತು, ಯಾವ ಮೂಲೆಯಲ್ಲಿ ಯಾರ ಹತ್ತಿರ ಚಿಕ್ಕ ಗಾಡಿ ಇದೆ ಎಂದು ನೋಡಿ ಒಬ್ಬೊಬ್ಬರಿಗೂ ಫೋನು ಮಾಡಿದರು. ಯಾರ್ಡಿನಲ್ಲೇ ಸಾಮಾನು ಇಳಿಸಿ ಪಿಕಪ್ಪುಗಳಿಗೆ ಹಂಚಿದರು. ಗಾಡಿ ಸಾಲದೆ ಹೋದಾಗ ಡೆಲಿವರಿಗೆ ಇಟ್ಟಿದ್ದ ಹೊಸ ಗಾಡಿಯನ್ನೇ, ತಗೊಳ್ಳುವವರಿಗೆ ಹೇಳಿ, ಕಳಿಸಿದರಂತೆ. ನಮ್ಮ ಊರಿಗೆ ಬಂದ ಗಾಡಿಯಲ್ಲಿ ಅಕ್ಕಿ ಮೂಟೆಗಳ ಮೇಲೆ ಎರಡು ಪದರ ಟಾರ್ಪಾಲು ಇತ್ತು, ಹಗ್ಗ ಒಂದು ಕಡೆಯೂ ಸಡಿಲ ಇರಲಿಲ್ಲ. ಒಂದು ಕಾಳೂ ಒದ್ದೆ ಆಗಿರಲಿಲ್ಲ. ಅದನ್ನು ನಾನೇ ಇಳಿಸಿಕೊಂಡಿದ್ದೆ. ಕಳಿಸಿದವರು ಯಾರು ಎಂದು ಆಗ ಗೊತ್ತಿರಲಿಲ್ಲ.

ಈಗ ಪುಟದ ಕೊನೆಯಲ್ಲಿ ಒಂದು ಕಾಲಂ ಜಾಸ್ತಿ ಇದೆ. ಮಳೆಗಾಲದಲ್ಲಿ ಕರೆದರೆ ಬರುತ್ತೀರಾ ಎಂದು ಕೇಳಿ ಹೌದು, ಇಲ್ಲ ಬರೆದುಕೊಳ್ಳುತ್ತಾರೆ. ಇಲ್ಲ ಎಂದವರಿಗೂ ಸರ್ವಿಸ್ ಒಂದೇ. ನಾನು ಹೌದು ಬರೆಸಿದ್ದೇನೆ.

ಸರ್ವಿಸ್ ಬಗ್ಗೆ. ಮೊದಲ ತಿಂಗಳಲ್ಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಹೆದರಿ ಓಡಿದೆ. ಮೆಕ್ಯಾನಿಕ್ ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದ. ಬಿಎಸ್6 (ಹೊಗೆ ಕಡಿಮೆ ಮಾಡುವ ಹೊಸ ನಿಯಮ) ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಜಾಲರಿ ಇರುತ್ತದೆ, ಸೈಲೆನ್ಸರ್ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ನಾವೋ ತೋಟದಿಂದ ಮೇನ್ ರೋಡಿಗೆ ಒಂದನೇ, ಎರಡನೇ ಗೇರಿನಲ್ಲಿ ಹೋಗಿ ಆಫ್ ಮಾಡುವವರು. ಮಸಿ ತುಂಬದೆ ಏನಾಗುತ್ತದೆ? ವಾರಕ್ಕೊಮ್ಮೆ ಕುಶಾಲನಗರ ಸೇತುವೆ ದಾಟಿ, ಬೈಲಕುಪ್ಪೆ ಕಳೆದು ಪಿರಿಯಾಪಟ್ಟಣದ ಕಡೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ ಎಂದ. ಆಮೇಲೆ ದೀಪ ಹತ್ತಿಲ್ಲ. ಇಂಥದ್ದನ್ನು ಗಾಡಿ ಕೊಡುವಾಗಲೇ ಹೇಳಬೇಕಿತ್ತು, ಅದು ಅವರ ತಪ್ಪು, ಹಾಗೆಂದು ಹೇಳಿಯೂ ಬಂದೆ.

ಇನ್ನೂ ಎರಡು ಬೇಸರ ಇದೆ. ಒಂದೇ ಸರ್ವಿಸ್ ಪಿಟ್ಟು, ಕುಯ್ಲಿಗೆ ಮುಂಚೆ ನವೆಂಬರ್, ಡಿಸೆಂಬರಿನಲ್ಲಿ ಜಾತ್ರೆ. ಹಿಂದಿನ ಸ್ಪ್ರಿಂಗ್ ಪಟ್ಟಿಯ ಒಂದು ಬುಷ್ ಬರಲು ಒಂಬತ್ತು ದಿನ ಆಯಿತು, ಅಷ್ಟು ದಿನದ ಬಾಡಿಗೆ ಕೈತಪ್ಪಿತು. ಮತ್ತೆ ಯಜಮಾನರು ಎಷ್ಟೋ ಸಲ ಅಂಗಡಿಯಲ್ಲಿ ಸಿಗುವುದಿಲ್ಲ. ರಕ್ತದಾನ ಶಿಬಿರ, ಶಾಲೆ ಕಾಂಪೌಂಡು, ಎಲ್ಲೋ ಮರ ಬಿದ್ದದ್ದು. ಮಡಿಕೇರಿ ದಸರೆಯ ರಾತ್ರಿ ದಶಮಂಟಪ (ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು) ಎಳೆಯುವ ಟ್ರ್ಯಾಕ್ಟರು ಕೈಕೊಟ್ಟರೆ ಇರಲಿ ಎಂದು ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆದುಕೊಂಡು ಬೆಳಗಾಗುವವರೆಗೂ ಅಲ್ಲೇ ಇರುತ್ತಾರೆ, ಮಾರನೆ ದಿನ ಇಲ್ಲಿ ಕೆಲಸ ನಿಧಾನ. ನನಗೆ ಅದರಲ್ಲಿ ದೂರಿಲ್ಲ, ಆದರೆ ಅರ್ಜೆಂಟ್ ಇರುವವರಿಗೆ ಗೊತ್ತಿರಲಿ.

ಕುಯ್ಲಿನಲ್ಲಿ ಒಮ್ಮೆ ಸಂಜೆ ಕೆಲಸದವರನ್ನು ಹಿಂದೆ ಕೂರಿಸಿಕೊಂಡು ಸುಂಟಿಕೊಪ್ಪದಲ್ಲಿ ಅವರ ಕಣ್ಣಿಗೆ ಬಿದ್ದೆ. ಗಾಡಿ ನಿಲ್ಲಿಸಿ, ಎಲ್ಲರೆದುರೇ ಬೈದರು. ಸರಕು ಗಾಡಿಯಲ್ಲಿ ಜನ ಹತ್ತಿಸಿದರೆ ಏನಾದರೂ ಆದಾಗ ಇನ್ಶೂರೆನ್ಸ್ ಬರುವುದಿಲ್ಲ, ಆ ಮನೆಯವರಿಗೆ ಯಾರು ಕೊಡುತ್ತಾರೆ ಎಂದರು. ಮಾರನೆ ದಿನದಿಂದ ಕೆಲಸದವರಿಗೆ ಜೀಪು ಗೊತ್ತು ಮಾಡಿದ್ದೇನೆ. ಖರ್ಚು ಜಾಸ್ತಿ, ಆದರೂ ಮಾಡಿದ್ದೇನೆ.

ಬೆಲೆ ಬೇರೆ ಕಡೆಗಿಂತ ಒಂದು 15 ಸಾವಿರ ಮೇಲೆ ಬಿತ್ತು. 5ಕ್ಕೆ 4 ಕೊಡುತ್ತೇನೆ, ಕಳೆದ ಒಂದು ಆ ಒಂಬತ್ತು ದಿನಕ್ಕೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಆಗ ಅವರು ಇರುತ್ತಾರೆ. ತೋಟದ ರಸ್ತೆಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ತಿರುವು ಮತ್ತು ಮೋರಿ ಕಾಣುವ ಹಾಗೆ. ಮೊದಲು ಕೇಳುವುದು ಅದನ್ನೇ.