ಅಮ್ಮನ ಬಲಗೈಗೆ ಫಿಸಿಯೋಥೆರಪಿ, ಉಡುಪಿಯ ಕ್ಲಿನಿಕ್‌ನಲ್ಲಿ ನಮ್ಮ ಅನುಭವ

5ರಲ್ಲಿ 4 ಸ್ಟಾರ್.

ಆಟಿ ತಿಂಗಳಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯ್ತು, ಬಲಗೈ ಬಲಗಾಲು ಎರಡೂ ಬಿದ್ದುಹೋಯ್ತು, ಮಾತೂ ತೊದಲ್ತಿತ್ತು. ಪಾರ್ಶ್ವವಾಯು ಅಂತ ಹೆಸರಲ್ಲೇ ವಾಯು ಉಂಟಲ್ಲ, ನಾವೂ ಗಾಳಿ ಹಿಡಿದದ್ದು ಅಂತ ಎಣ್ಣೆ ತಿಕ್ಕಿ ಅರ್ಧ ದಿನ ಕಳೆದ್ವಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡ್ಲಿಕ್ಕೆ 4.5 ಗಂಟೆ ಒಳಗೆ ಬರ್ಬೇಕಿತ್ತು ಅಂತ ಆಸ್ಪತ್ರೆಯಲ್ಲಿ ಹೇಳಿದ ಮೇಲೇ ಗೊತ್ತಾದದ್ದು, ಅದು ಈಗ್ಲೂ ಚುಚ್ತದೆ.

ಮನೆಗೆ ಬಂದ ಮೇಲೆ ನೋಡ್ಲಿಕ್ಕೆ ಬಂದವರೆಲ್ಲ "ಲಕ್ವವಾ? ಅಯ್ಯೋ ದೇವ್ರೇ, ಇನ್ನು ಎಂತ ಮಾಡುದು" ಅಂತ ಅಮ್ಮನ ಎದುರೇ ಹೇಳ್ತಿದ್ರು, ಒಬ್ಬರಂತೂ ಪಾರಿವಾಳದ ರಕ್ತ ಹಚ್ಚಿ ಅಂದ್ರು. ಅಮ್ಮನಿಗೆ ಮಾತು ಸರಿ ಬರ್ತಿರ್ಲಿಲ್ಲ ಅಷ್ಟೇ, ಕೇಳಿದ್ದೆಲ್ಲ ಅರ್ಥ ಆಗ್ತಿತ್ತು.

ಮೊದಲು ಬೇರೆ ಒಬ್ಬರನ್ನು ಮನೆಗೆ ಕರ್ಸಿದ್ವಿ, ಅವರು ಸ್ವಾಧೀನ ಇಲ್ಲದ ಕೈಯನ್ನೇ ಹಿಡಿದು ಎಳೆದು ಕೂರಿಸ್ತಿದ್ರು, ಹದಿನೈದು ದಿನದಲ್ಲಿ ಭುಜ ನೋವು ಶುರು. ಇಲ್ಲಿ ಮೇಡಂ ಮೊದಲು ಹಿಡಿದದ್ದೇ ಅದನ್ನು. ಭುಜದ ಸುತ್ತ ಸ್ನಾಯು ಸಡಿಲ ಆಗಿರ್ತದೆ, ಕೈ ಎಳೆದ್ರೆ ಕೀಲು ಜಾರ್ತದೆ, ಎಬ್ಬಿಸುವಾಗ ಬೆನ್ನಿಗೆ ಸೊಂಟಕ್ಕೆ ಕೈ ಕೊಡಿ ಅಂದ್ರು.

ಆಮೇಲೆ ಅಮ್ಮನ ಪಕ್ಕ ಕೂತು ಅಮ್ಮನಿಗೇ ಹೇಳಿದ್ರು, "ಅಮ್ಮ, ನಿಮ್ಮ ಕೈಗೆ ಪೆಟ್ಟಾಗ್ಲಿಲ್ಲ. ಬಲಗಡೆಯನ್ನು ನಡೆಸುವುದು ಮೆದುಳಿನ ಎಡಭಾಗ, ಅಲ್ಲಿಗೆ ರಕ್ತ ಹೋಗ್ಲಿಲ್ಲ, ಹಾಗಾಗಿ ನೀವು ಎತ್ತು ಅಂದದ್ದು ಕೈಗೆ ಮುಟ್ತಾ ಇಲ್ಲ." ಒಂದು ಪಕ್ಕ ಪೂರ್ತಿ ಆಡದಿದ್ರೆ ಹೆಮಿಪ್ಲೀಜಿಯಾ, ಶಕ್ತಿ ಕಮ್ಮಿ ಆದ್ರೂ ಸ್ವಲ್ಪ ಆಡಿದ್ರೆ ಹೆಮಿಪರೇಸಿಸ್ ಅಂತೆ. ಹೆಬ್ಬೆರಳು ಆಡ್ಸಿ ನೋಡುವ ಅಂದ್ರು. ಎಳ್ಳಷ್ಟು ಅಲುಗಿತು. "ನೋಡಿ, ದಾರಿ ಪೂರ್ತಿ ಬಂದ್ ಆಗ್ಲಿಲ್ಲ." ಅಮ್ಮ ಆ ಬೆರಳನ್ನೇ ನೋಡ್ತಾ ಕೂತ್ರು.

ಹೆದರಿದ್ರೆ ಕೈಕಾಲೇ ಆಡ್ಲಿಲ್ಲ ಅಂತೇವೆ, ಆಫೀಸಲ್ಲಿ ಫೈಲ್ ಮುಂದೆ ಹೋಗದಿದ್ರೆ ಆಡಳಿತಕ್ಕೆ ಲಕ್ವ ಹೊಡೆದಿದೆ ಅಂತೇವೆ, ಅಲ್ಲೆಲ್ಲ ಎಲ್ಲ ನಿಂತುಹೋಯ್ತು ಅಂತ ಅರ್ಥ. ಅದೇ ಅರ್ಥವನ್ನು ತಂದು ನಾವು ಅಮ್ಮನ ಮೇಲೆ ಹಾಕಿದ್ದೆವು. ಪಕ್ಕದಲ್ಲಿ ಕಾಯ್ತಿದ್ದ ಹುಡುಗನ ಮುಖ ಸೊಟ್ಟ ಆಗಿತ್ತು, ಒಂದು ಕಣ್ಣು ಮುಚ್ಲಿಕ್ಕೂ ಆ ಕಡೆ ಹುಬ್ಬು ಎತ್ಲಿಕ್ಕೂ ಆಗ್ತಿರ್ಲಿಲ್ಲ, ಅದು ಬೆಲ್ಸ್ ಪಾಲ್ಸಿ, ಮುಖದ ನರದ ತೊಂದರೆ, ಮೆದುಳಿನದ್ದಲ್ಲ. ಊರಲ್ಲಿ ಅವನಿಗೂ ಲಕ್ವ ಅಂತಲೇ ಹೇಳಿದ್ದಂತೆ ಪಾಪ.

ದೊಡ್ಡ ದೊಡ್ಡ ಮಿಷನ್ ಇಲ್ಲಿಲ್ಲ. ಟವೆಲ್ ಮೇಲೆ ಕೈ ಇಟ್ಟು ಮೇಜಲ್ಲಿ ಜಾರಿಸುವುದು, ಲೋಟ ಹಿಡಿಯುವುದು, ಬಾರ್ ಹಿಡಿದು ನಡೆಯುವುದು. ಮನೆಯಲ್ಲಿ ಚೆನ್ನೆಮಣೆ ಉಂಟಾ ಅಂತ ಕೇಳಿದ್ರು! ಅಟ್ಟದಿಂದ ಇಳಿಸಿದ್ವಿ. 14 ಗುಳಿ, ಗುಳಿಗೆ 4 ಮಂಜೊಟ್ಟಿ, 56 ಕಾಳೂ ಬಲಗೈಯಲ್ಲೇ ಹೆಕ್ಕಿ ಹಾಕ್ಬೇಕು, ಎಡಗೈ ಮುಟ್ಟಬಾರ್ದು. ಮೊದಲ ವಾರ ಒಂದು ಕಾಳು ಹೆಕ್ಕುವಷ್ಟರಲ್ಲಿ ಬೆವರು ಇಳೀತಿತ್ತು, ಹೆಕ್ಕಿದ್ದು ಜಾರಿ ಮಂಚದಡಿ ಹೋಗ್ತಿತ್ತು. ಈಗ ಅಮ್ಮನ ಕಡೆಯ 7 ಗುಳಿ ಅವರೇ ತುಂಬ್ತಾರೆ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಬಾಗಿಲ ಮೆಟ್ಟಿಲಿಗೆ. ರ‍್ಯಾಂಪ್ ಇಲ್ಲ, ವೀಲ್‌ಚೇರ್ ಎತ್ಲಿಕ್ಕೆ ಇಬ್ಬರು ಬೇಕು, ಮಳೆಗೆ ಜಾರ್ತದೆ ಬೇರೆ. ಸಂಜೆ ಭಾರೀ ರಶ್, ಬೆಳಿಗ್ಗೆ ಫೋನ್ ಮಾಡಿ ಹೋಗಿ.