ಬೋರ್ಡ್ ಇಲ್ಲದ ಲೇತ್ ಅಂಗಡಿಯಲ್ಲಿ ಯೆಜ್ಡಿ ಇಂಜಿನ್ ಕೆಲಸ

ಹಳೇ ಬೈಕನ್ನು ಮನೆಯಲ್ಲೇ ಸರಿ ಮಾಡುತ್ತೇನೆ ಅಂತ ಹೊರಟವರು ಮುಕ್ಕಾಲು ಪಾಲು ಕೆಲಸವನ್ನು ನಿಜವಾಗಿಯೂ ಮನೆಯಲ್ಲೇ ಮಾಡಬಹುದು. ಇಂಜಿನ್ ಇಳಿಸುವುದು, ಬಿಚ್ಚಿ ತೊಳೆಯುವುದು, ವೈರಿಂಗ್, ಬ್ರೇಕ್ ಶೂ, ಪಾಯಿಂಟ್ ಸೆಟ್ಟಿಂಗ್, ಎಲ್ಲಾ ಆಗುತ್ತೆ. ಸಿಲಿಂಡರ್ ಬೋರಿಂಗ್ (ಸವೆದ ಒಳಗೋಡೆಯನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು) ಮತ್ತು ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ಭಾಗ) ಕೆಲಸಕ್ಕೆ ಮಾತ್ರ ಲೇತಿನವರ ಹತ್ತಿರ ಹೋಗಲೇಬೇಕು. ಕ್ರೋಮ್ ಲೇಪ ಸರಿಯಾಗಿ ಕೂರದಿದ್ದರೆ ಗಾಡಿ ನೋಡೋಕೆ ಚೆನ್ನಾಗಿರಲ್ಲ, ಅಷ್ಟೇ. ಬೋರಿಂಗ್ ಕೆಟ್ಟರೆ ಪಿಸ್ಟನ್ ಹಿಡಿದುಕೊಂಡು ನಡುರಸ್ತೆಯಲ್ಲೇ ಹಿಂದಿನ ಚಕ್ರ ನಿಂತುಬಿಡುತ್ತೆ.

ನನ್ನದು 1984ರ ಯೆಜ್ಡಿ ರೋಡ್‌ಕಿಂಗ್, ಟೂ ಸ್ಟ್ರೋಕ್ ಬೈಕ್. ಇರುವುದು ನಂಜನಗೂಡಿನಲ್ಲಿ, ನಮ್ಮ ಮನೆಯ ಹಿಂದಿನ ಶೀಟಿನ ಕೆಳಗೆ. ಬೋರಿಂಗ್, ಕ್ರ್ಯಾಂಕ್ ಎರಡನ್ನೂ ಮೈಸೂರಿನ ಅಶೋಕ ರಸ್ತೆ ಕಡೆಯ ಒಂದು ಗಲ್ಲಿಯಲ್ಲಿ ಮಾಡಿಸಿದೆ. ಅಂಗಡಿಗೆ ಬೋರ್ಡ್ ಇಲ್ಲ. ಹೆಸರು, ಫೋನ್ ನಂಬರ್ ಎರಡೂ ಹಾಕಬೇಡಿ ಅಂತ ಮಾಲೀಕರೇ ಹೇಳಿದ್ದಾರೆ. "ಜನ ಜಾಸ್ತಿ ಆದ್ರೆ ಕೆಲಸ ಕೆಡುತ್ತೆ ಮೇಷ್ಟ್ರೇ" ಅಂದರು. ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಆ ಕಡೆ ಯಾವ ಟೂ ಸ್ಟ್ರೋಕ್ ಮೆಕ್ಯಾನಿಕ್ಕನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಮೈಸೂರಿಗೇ ಯಾಕೆ ಅಂತ ಕೇಳಬಹುದು. ಈ ಗಾಡಿ ಹುಟ್ಟಿದ್ದೇ ಅಲ್ಲಿ, ಅಲ್ವಾ? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ದುಡಿದ ಎಷ್ಟೋ ಜನ ಆಮೇಲೆ ಊರಲ್ಲೇ ಗ್ಯಾರೇಜ್ ಹಾಕಿದರು. ಭಾಯ್ ಕಾರ್ಖಾನೆಯವರಲ್ಲ. ಆದರೆ ಹುಡುಗನಾಗಿದ್ದಾಗ ಅಲ್ಲಿ ಕೆಲಸ ಮಾಡಿದ್ದ ಒಬ್ಬರ ಕೈಕೆಳಗೆ ಪಳಗಿದವರು. ಅದು ಅವರ ಅಳತೆಯಲ್ಲೇ ಗೊತ್ತಾಗುತ್ತೆ.

ಮೊದಲು ಬೋರಿಂಗ್ ವಿಷಯ. ನನ್ನ ಸಿಲಿಂಡರನ್ನು ಹಿಂದಿನ ಮಾಲೀಕರು ಎಲ್ಲೋ ಒಮ್ಮೆ ಬೋರ್ ಮಾಡಿಸಿದ್ದರು. ಅದು ಬರೀ ಲೇತಿಗೆ ಹಾಕಿ ತಿರುಗಿಸಿ ಕೊಟ್ಟ ಕೆಲಸ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್‌ಗಳು, ಅಂದರೆ ತೂತುಗಳು ಇರುತ್ತವೆ. ಗಾಳಿ ಪೆಟ್ರೋಲ್ ಒಳಗೆ ಬರೋದು, ಹೊಗೆ ಹೋಗೋದು ಎಲ್ಲಾ ಅದರಲ್ಲೇ. ಬೋರ್ ಮಾಡಿದಾಗ ಆ ತೂತುಗಳ ಅಂಚು ಬ್ಲೇಡಿನಷ್ಟು ಹರಿತ ಆಗುತ್ತೆ. ಪಿಸ್ಟನ್ ಸುತ್ತ ಇರುವ ರಿಂಗ್ ಪ್ರತಿ ಸಲ ಅದರ ಮೇಲೇ ಓಡಾಡಬೇಕು. ಅಂಚನ್ನು ಸಣ್ಣಗೆ ಇಳಿಜಾರು ಮಾಡದೆ ಬಿಟ್ಟರೆ ರಿಂಗ್ ಅಲ್ಲಿಗೆ ಸಿಕ್ಕಿಕೊಳ್ಳುತ್ತೆ. ನಾನು ಹೆಡ್ (ಮೇಲಿನ ಮುಚ್ಚಳ), ಸಿಲಿಂಡರ್ ಎರಡೂ ತೆಗೆದು ನೋಡಿದಾಗ ಮೇಲಿನ ರಿಂಗಿನ ಒಂದು ತುಂಡೇ ಇರಲಿಲ್ಲ. ಎಕ್ಸಾಸ್ಟ್ ಕಡೆ, ಅಂದರೆ ಹೊಗೆ ಹೋಗುವ ಕಡೆ, ಗೋಡೆಯ ಉದ್ದಕ್ಕೂ ಗೆರೆ ಬಿದ್ದಿತ್ತು.

ಈ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಭಾಯ್ ಕೈಗೆ ತಗೊಂಡು ಮೊದಲು ಮಾಡಿದ್ದು ಪೋರ್ಟಿನ ಅಂಚಿಗೆ ಬೆರಳು ಸವರಿದ್ದು. ಏನೂ ಮಾತಾಡಲಿಲ್ಲ. ಆ ಬೆರಳನ್ನು ನನಗೆ ತೋರಿಸಿದರು, ಸಣ್ಣಗೆ ರಕ್ತ ಬಂದಿತ್ತು.

ಆಮೇಲೆ ಒಳಗಿನ ಅಗಲ ಅಳೆಯುವ ಬೋರ್ ಗೇಜ್ ಇಳಿಸಿದರು. ಮೇಲೆ, ನಡುವೆ, ಕೆಳಗೆ. ಪ್ರತಿ ಜಾಗದಲ್ಲೂ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಅಳತೆಗಳನ್ನು ಸೀಮೆಸುಣ್ಣದಲ್ಲಿ ಸಿಲಿಂಡರಿನ ಫಿನ್ ಮೇಲೇ ಬರೆದರು. ಈ ಇಂಜಿನ್ ಕಂಪನಿ ಬೋರ್ 65 ಮಿ.ಮೀ. ನನ್ನದು ಆಗಲೇ 0.50 ಮಿ.ಮೀ. ದೊಡ್ಡದಾಗಿತ್ತು. ಇನ್ನೊಬ್ಬ ಮೆಕ್ಯಾನಿಕ್ ಸೀದಾ 1.00 ಮಾಡಿಸಿ ಅಂದಿದ್ದರು. ಭಾಯ್ ಒಪ್ಪಲಿಲ್ಲ. "0.75ಕ್ಕೆ ಗೆರೆ ಹೋಗುತ್ತೆ. ಒಂದು ಸೈಜ್ ಉಳಿಸ್ಕೊಳ್ಳಿ. ಮುಂದೆ ಬೇಕಾಗುತ್ತೆ." ಸೀದಾ 1.00 ಮಾಡಿದ್ದರೂ ಅವರಿಗೆ ಬರುವ ಕೂಲಿ ಅಷ್ಟೇ. ಗಿರಾಕಿಯ ಸಿಲಿಂಡರ್ ಇನ್ನೊಂದು ಸಲ ಬಾಳಲಿ ಅಂತ ಲೆಕ್ಕ ಹಾಕುವ ಲೇತಿನವರು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನೊಂದು ನಿಯಮ ಇದೆ. ಪಿಸ್ಟನ್ ಕೈಗೆ ಬರದೆ ಭಾಯ್ ಬೋರ್ ಮಾಡುವುದಿಲ್ಲ. ಡಬ್ಬಿಯ ಮೇಲೆ ಏನು ಬರೆದಿದ್ದರೂ ನಂಬುವುದಿಲ್ಲ. ಪಿಸ್ಟನ್ನಿನ ಸ್ಕರ್ಟ್ ಕೆಳಭಾಗದಲ್ಲಿ, ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿದು ಅಳೆದು, ಆ ಅಳತೆಯ ಮೇಲೆ ಪಿಸ್ಟನ್ನಿಗೂ ಗೋಡೆಗೂ ನಡುವಿನ ಗ್ಯಾಪ್ ಸೇರಿಸಿ ಬೋರ್ ಮಾಡುತ್ತಾರೆ. ನನಗೆ ಮೂರು ಥೌ ಗ್ಯಾಪ್ ಬಿಟ್ಟರು. ಒಂದು ಥೌ ಅಂದರೆ 0.025 ಮಿ.ಮೀ. ಗ್ಯಾಪ್ ಸಾಲದಿದ್ದರೆ ಇಂಜಿನ್ ಬಿಸಿಯಾದಾಗ ಪಿಸ್ಟನ್ ಹಿಗ್ಗಿ ಸೀಜ್ ಆಗುತ್ತೆ, ಅಂದರೆ ಹಿಡಿದುಕೊಳ್ಳುತ್ತೆ. ಜಾಸ್ತಿಯಾದರೆ ಪಿಸ್ಟನ್ ಗೋಡೆಗೆ ಬಡಿಯುತ್ತೆ. ಎರಡೂವರೆ ಸಾಕಲ್ವಾ ಅಂತ ಕೇಳಿದೆ. "ಲೋಕಲ್ ಪಿಸ್ಟನ್ ಇದು, ಹಿಗ್ಗೋದು ಜಾಸ್ತಿ" ಅಂದರು. ಈಗಲೂ ಬೆಳಗ್ಗೆ ತಣ್ಣಗಿದ್ದಾಗ ಸ್ವಲ್ಪ ಟಕಟಕ ಸದ್ದಿದೆ, ಬಿಸಿಯಾದ ಮೇಲೆ ಇಲ್ಲ. ನನ್ನ ಮನಸ್ಸು ಇನ್ನೂ ಎರಡೂವರೆಗೇ ಇದೆ. ಆದರೆ ಸೀಜ್ ಆಗಿ ಬೀಳುವುದಕ್ಕಿಂತ ಸದ್ದೇ ವಾಸಿ ಅನ್ನುವ ಅವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ.

ಬೋರ್ ಆದ ಮೇಲೆ ಪೋರ್ಟ್ ಅಂಚುಗಳ ಕೆಲಸ. ಇದಕ್ಕೆ ಮಿಷನ್ ಇಲ್ಲ. ಸಣ್ಣ ಅರ, ಆಮೇಲೆ ಎಮರಿ ಪೇಪರ್. ಎಲ್ಲಾ ಕೈಯಲ್ಲೇ. ಬೋರ್ ಮಾಡಿದ್ದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ತಗೊಂಡರು. ಕೊನೆಗೆ ಹೋನಿಂಗ್, ಅಂದರೆ ಕಲ್ಲಿನಲ್ಲಿ ಒಳಗೋಡೆ ಉಜ್ಜುವುದು. ಒಳಗೋಡೆಯಲ್ಲಿ ಓರೆ ಓರೆಯಾಗಿ ಸಣ್ಣ ಗೆರೆಗಳ ಬಲೆ ಕಾಣಬೇಕು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲೇ. ಕನ್ನಡಿ ತರಹ ಹೊಳೆಯುವ ಬೋರ್ ಯಾರಾದರೂ ಹೆಮ್ಮೆಯಿಂದ ಕೈಗೆ ಕೊಟ್ಟರೆ ಹೋನ್ ಮಾಡಿ ಕೊಡಿ ಅಂತ ವಾಪಸ್ ಕೊಡಿ.

ಕ್ರ್ಯಾಂಕ್ ಕಥೆ ಬೇರೆ. ಯೆಜ್ಡಿ ಕ್ರ್ಯಾಂಕ್ ನಟ್ಟು ಬೋಲ್ಟಿನದಲ್ಲ. ಎರಡು ಉಕ್ಕಿನ ಚಕ್ರ, ನಡುವೆ ಒಂದು ಪಿನ್, ಎಲ್ಲಾ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದರೆ ಸ್ವಲ್ಪ ಆಡಬೇಕು. ಮೇಲೆ ಕೆಳಗೆ ಎಳೆದರೆ ಆಡಲೇಬಾರದು. ನನ್ನದು ಮೇಲೆ ಕೆಳಗೂ ಆಡುತ್ತಿತ್ತು. ಅಂದರೆ ರಾಡ್ ಕಿಟ್ ಬದಲಾಯಿಸಬೇಕು. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ಪಿನ್ನು, ರೋಲರ್, ರಾಡ್ ಹಾಕಿ, ಮತ್ತೆ ಒತ್ತಬೇಕು. ಇಷ್ಟನ್ನು ಪ್ರೆಸ್ ಇರುವ ಯಾರು ಬೇಕಾದರೂ ಮಾಡುತ್ತಾರೆ. ಕಷ್ಟ ಇರುವುದು ಅದಾದ ಮೇಲೆ. ಎರಡೂ ಕಡೆಯ ಶಾಫ್ಟ್ ಒಂದೇ ನೇರಕ್ಕೆ ಬರಬೇಕು. ಭಾಯ್ ಕ್ರ್ಯಾಂಕನ್ನು ಎರಡು ಮೊನೆಗಳ (ಸೆಂಟರ್) ನಡುವೆ ಕೂರಿಸಿ, ಓರೆ ಎಷ್ಟಿದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು, ನಿಧಾನಕ್ಕೆ ತಿರುಗಿಸುತ್ತಾರೆ. ಮುಳ್ಳು ಓಡಿದ ಕಡೆ ನಿಲ್ಲಿಸಿ ತಾಮ್ರದ ಸುತ್ತಿಗೆಯಲ್ಲಿ ಒಂದು ಏಟು. ಮತ್ತೆ ತಿರುಗಿಸೋದು, ಮತ್ತೆ ಏಟು.

ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮಾಡಿದರು. ಗೇಜ್ ಕಡೆ ಬೆರಳು ತೋರಿಸಿ "ನೀವೇ ಓದಿ" ಅಂದರು. ಓರೆ 0.02 ಮಿ.ಮೀ. ಮಾತ್ರ ಇತ್ತು. ಗಿರಾಕಿ ಕಣ್ಣೆದುರು ಅಳತೆ ತೋರಿಸುವ ಧೈರ್ಯ ಇದ್ದವರ ಕೆಲಸದ ಬಗ್ಗೆ ನನಗೆ ಬೇರೆ ಸರ್ಟಿಫಿಕೇಟ್ ಬೇಡ. ಕ್ರ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿ ಕೊಡುವಾಗ ಒಂದು ಎಚ್ಚರಿಕೆಯೂ ಬಂತು. "ಇನ್ಮೇಲೆ ಇದರ ಮೇಲೆ ಸುತ್ತಿಗೆ ಬಿತ್ತೋ, ನನ್ನ ಹತ್ರ ಬರಬೇಡಿ."

ಹಾಗಾದರೆ ಸುತ್ತಿಗೆ ಇಲ್ಲದೆ ಕ್ರ್ಯಾಂಕ್ ಬೇರಿಂಗನ್ನು ಕೇಸಿಗೆ ಕೂರಿಸುವುದು ಹೇಗೆ? ಅದನ್ನೂ ಅವರೇ ಹೇಳಿಕೊಟ್ಟರು. ಕ್ರ್ಯಾಂಕ್ ಕೂರುವ ಹೊರಕವಚ, ಅಂದರೆ ಕ್ರ್ಯಾಂಕ್ ಕೇಸ್, ಅಲ್ಯೂಮಿನಿಯಂ. ಬಿಸಿ ಮಾಡಿದರೆ ಉಕ್ಕಿನ ಬೇರಿಂಗಿಗಿಂತ ಜಾಸ್ತಿ ಹಿಗ್ಗುತ್ತೆ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟು, ಕೇಸನ್ನು ನೀರು ಚಿಮುಕಿಸಿದರೆ ಚುಯ್ ಅನ್ನುವಷ್ಟು ಬಿಸಿ ಮಾಡಿ ಇಳಿಸಿದರೆ ತಾನಾಗೇ ಕೂರುತ್ತೆ. ನಮ್ಮ ಮನೆಯಲ್ಲಿ ದೋಸೆ ಹೆಂಚು ಈ ಕೆಲಸಕ್ಕೆ ಹೋಯಿತು. ಹೊಸ ಹೆಂಚು ತಂದುಕೊಟ್ಟ ಮೇಲೇ ಮನೆಯವಳು ಮಾತಾಡಿಸಿದ್ದು. ಬೇರಿಂಗಿನ ನಂಬರ್ ಹಳೇ ಬೇರಿಂಗ್ ಮೇಲೇ ಇರುತ್ತೆ. ಅಂಗಡಿಯಲ್ಲಿ ಸಿ3 ಅಂತ ಕೇಳಿ ತಗೊಳ್ಳಿ, ಅದರಲ್ಲಿ ಒಳಗಿನ ಗ್ಯಾಪ್ ಸ್ವಲ್ಪ ಜಾಸ್ತಿ ಇರುತ್ತೆ.

ಕ್ರ್ಯಾಂಕ್ ಸೀಲುಗಳನ್ನೂ ಆಗಲೇ ಹೊಸದು ಹಾಕಿ. ಎಡಗಡೆ, ಕ್ಲಚ್ ಇರುವ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಬೆಳ್ಳಗೆ ಹೊಗೆ ಬಿಡುತ್ತೆ. ಬಲಗಡೆಯದು ಹೋದರೆ ಗಾಳಿ ಎಳೆದು ಐಡ್ಲಿಂಗ್ ನಿಲ್ಲುವುದಿಲ್ಲ. ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ಸುಸ್ತಾಗಿರುವವರು ಎಷ್ಟೋ ಜನ. ತಪ್ಪು ಇರೋದು ಸೀಲಿನಲ್ಲಿ.

ಹೆಡ್ ಕೂಡ ತಗೊಂಡು ಹೋಗಿದ್ದೆ, ಲೇತಿನಲ್ಲಿ ಪ್ಲೇನ್ ಮಾಡಿಸೋಣ ಅಂತ. ಭಾಯ್ ಮುಟ್ಟಲಿಲ್ಲ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಎಂಟರ ಆಕಾರದಲ್ಲಿ ಮನೆಯಲ್ಲೇ ಉಜ್ಜಿಕೊಳ್ಳಿ ಅಂತ ವಾಪಸ್ ಕಳಿಸಿದರು. ಹಾಗೇ ಮಾಡಿದೆ, ಚೆನ್ನಾಗಿ ಬಂತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನನಗೆ ಹೋಂವರ್ಕ್ ಕೊಟ್ಟವರು ಇವರೊಬ್ಬರೇ.

ಇನ್ನು ಬೇಸರದ ವಿಷಯ. ಹೇಳಿದ ದಿನಕ್ಕೆ ಕೆಲಸ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಒಂದು ವಾರ ಅಂದದ್ದು ತಿಂಗಳ ಹತ್ತಿರ ಹೋಯಿತು. ಫೋನ್ ಎತ್ತುವುದಿಲ್ಲ. ಕರೆಂಟ್ ಹೋದರೆ ಅಂಗಡಿ ಮುಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾರೆ, ನೀವೂ ಕೂರಬೇಕು. ಬಿಲ್ ಕೊಡುವುದಿಲ್ಲ. ಜಾಗ ಇಕ್ಕಟ್ಟು, ಎಲ್ಲೆಲ್ಲೂ ಕಬ್ಬಿಣದ ಸುರುಳಿ. ಸರ್ಕ್ಲಿಪ್, ಗಜನ್ ಪಿನ್ನು ತರಹದ ಸಣ್ಣ ಸಾಮಾನು ಬಿಟ್ಟು ಬಂದರೆ ಅದು ಯಾವ ಡಬ್ಬಿಗೆ ಸೇರುತ್ತೋ ದೇವರಿಗೇ ಗೊತ್ತು. ಬೇಕಾದ್ದು ಮಾತ್ರ ಕೊಟ್ಟು, ಉಳಿದದ್ದು ಮನೆಯಲ್ಲೇ ಇಡಿ. ಇಂಜಿನ್ ನಂಬರ್ ಕೊರೆದಿರುವ ಕೇಸ್ ಅಂತೂ ಕೊಡಲೇಬೇಡಿ. ಅದು ಕಳೆದರೆ ಆರ್‌ಸಿ ವಿಷಯಕ್ಕೆ ಆರ್‌ಟಿಒ ಆಫೀಸಿಗೆ ಅಲೆದಾಟ.

ದೊಡ್ಡ ದೂರು ಒಂದೇ. ಸಿಲಿಂಡರನ್ನು ತೊಳೆದು ಕೊಡುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ, ಅದು ಏನೇನೂ ಸಾಲದು. ಹೋನಿಂಗ್ ಕಲ್ಲಿನ ಪುಡಿ ಆ ಸಣ್ಣ ಗೆರೆಗಳ ಒಳಗೇ ಕೂತಿರುತ್ತೆ. ಹಾಗೇ ಜೋಡಿಸಿದರೆ ಹೊಸ ರಿಂಗ್ ಸವೆದು ಹೋಗುತ್ತೆ. ಬಿಸಿನೀರು, ಪಾತ್ರೆ ಸೋಪು, ಬ್ರಷ್ಷು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರಬಾರದು, ಅಲ್ಲಿವರೆಗೂ ಉಜ್ಜಬೇಕು. ಒಣಗಿಸಿದ ತಕ್ಷಣ 2ಟಿ (ಟೂ ಸ್ಟ್ರೋಕ್) ಆಯಿಲ್ ಸವರಿ. ಬರೀ ಕಬ್ಬಿಣ, ನೋಡನೋಡುತ್ತಲೇ ತುಕ್ಕು ಹಿಡಿಯುತ್ತೆ. ಇಷ್ಟು ನಾಜೂಕಾಗಿ ಅಳೆಯುವವರು ಈ ಒಂದು ಕೆಲಸವನ್ನು ಗಿರಾಕಿಗೆ ಬಿಡುವುದು ಯಾಕೋ ನನಗೆ ಅರ್ಥವಾಗಿಲ್ಲ. ಹೊಸಬರಿಗೆ ಹೇಳುವುದೂ ಇಲ್ಲ.

ದುಡ್ಡಿನ ಲೆಕ್ಕ. ನಾನು ಮಾಡಿಸಿದಾಗ ಬೋರಿಂಗ್, ಪೋರ್ಟ್, ಹೋನಿಂಗ್ ಸೇರಿ 800 ರೂಪಾಯಿ ಆಗಿತ್ತು. ಕ್ರ್ಯಾಂಕ್ ಕೂಲಿ 1,800. ಪಿಸ್ಟನ್, ರಾಡ್ ಕಿಟ್ ನಾನೇ ತಂದುಕೊಟ್ಟದ್ದು, ಅದರ ಖರ್ಚು ಬೇರೆ. ಇದಕ್ಕಿಂತ ಕಡಿಮೆಗೆ ಮಾಡುವವರು ಇದ್ದಾರೆ. ಅವರ ಹತ್ತಿರ ಡಯಲ್ ಗೇಜ್ ಇದೆಯಾ ಅಂತ ಮೊದಲು ಕೇಳಿ.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಮುಂದಕ್ಕೆ, ಎಕ್ಸಾಸ್ಟ್ ಕಡೆ ಇರಬೇಕು. ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನೊಳಗಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಮೊದಲ ಟ್ಯಾಂಕುಗಳಿಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. 2ಟಿ ಆಯಿಲ್ ಹಾಕಿ ಅಂದರು ಭಾಯ್, ಆಮೇಲೆ 40. ಹಾಗೇ ಓಡಿಸುತ್ತಿದ್ದೇನೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿ ಕಿಕ್ ಮಾಡುವ ಗಾಡಿ ಇದು, ಕಂಪ್ರೆಷನ್ ಎಷ್ಟಿದೆ ಅಂತ ಕಾಲಿಗೇ ಗೊತ್ತಾಗುತ್ತೆ. ಮೊದಲು ಲಿವರ್ ಸುಮ್ನೆ ಕೆಳಗೆ ಹೋಗುತ್ತಿತ್ತು. ಈಗ ತಡೆದು ನಿಲ್ಲುತ್ತೆ. ನಂಜನಗೂಡಿನಿಂದ ಮೈಸೂರಿಗೆ ನಿಲ್ಲಿಸದೆ ಹೋಗಿ ಬರುತ್ತಿದ್ದೇನೆ. ಪ್ಲಗ್ ಬಿಚ್ಚಿ ನೋಡಿದರೆ ಒಳ್ಳೇ ಕಂದು ಬಣ್ಣ ಇದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ.

ಹೋಗುವವರು ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಮುಚ್ಚಿರುತ್ತೆ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಗಾಡಿಯವರು ಸೇರುವ ಜಾವಾ ಡೇ ಇರುವುದರಿಂದ ಜೂನ್ ತಿಂಗಳಲ್ಲಿ ಅಂಗಡಿ ತುಂಬಾ ಸಿಲಿಂಡರುಗಳ ಸಾಲು, ಆಗ ಹೋದರೆ ಪ್ರಯೋಜನ ಇಲ್ಲ. ಮಳೆಗಾಲ ಕಳೆದ ಮೇಲೆ ಸ್ವಲ್ಪ ಬಿಡುವು. ಆರ್‌ಎಕ್ಸ್ 100, ರಾಜ್‌ದೂತ್ ಕೂಡ ಮಾಡುತ್ತಾರೆ. ಬುಲೆಟ್ ಹೆಡ್ ತಗೊಂಡು ಹೋಗಬೇಡಿ, ವಾಲ್ವ್ ಇರುವ ಇಂಜಿನ್ ನನಗೆ ಬೇಡ ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.