ಬಂಪರ್ ಒಡೆದದ್ದಕ್ಕೆ ಕ್ಲೇಮ್ ಮಾಡಿ ಕೈ ಸುಟ್ಟುಕೊಂಡೆ

ಕಳೆದ ಜುಲೈ ತಿಂಗಳ ಒಂದು ಭಾನುವಾರ, ಜಡಿಮಳೆಯಲ್ಲಿ ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ಹೋಗುತ್ತಿದ್ದೆ. ಮುಳ್ಳಯ್ಯನಗಿರಿಗೆ ಹೊರಟ ಪ್ರವಾಸಿಗರ ವಾಹನಗಳು ಸಾಲುಗಟ್ಟಿದ್ದವು. ಮುಂದಿದ್ದ ಜೀಪು ಥಟ್ಟನೆ ನಿಂತಿತು. ನಾನು ಬ್ರೇಕ್ ಒತ್ತಿದರೂ ಚಕ್ರಗಳು ಜಾರಿ, ಕಾರಿನ ಮೂತಿ ಜೀಪಿನ ಹಿಂಬದಿಯ ಕಬ್ಬಿಣದ ಕೊಕ್ಕೆಗೆ ಬಡಿಯಿತು. ಚಾಲಕ ಇಳಿದು ಬಂದು, ಕೊಕ್ಕೆಗೆ ಮೆತ್ತಿದ್ದ ನನ್ನ ಕಾರಿನ ಬಿಳಿ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿ, "ನಮ್ದೇನೂ ಆಗಿಲ್ಲ ಸಾರ್, ನಿಮ್ದು ನೋಡ್ಕೊಳ್ಳಿ" ಎಂದು ಹೊರಟುಹೋದ. ನನ್ನ ಬಂಪರಿನಲ್ಲಿ ಅಂಗೈಯಗಲದ ತೂತು ಬಿದ್ದಿತ್ತು.

ಮರುದಿನ ಗ್ಯಾರೇಜಿನವರು, "ಫುಲ್ ಇನ್ಶೂರೆನ್ಸ್ ಇದೆಯಲ್ಲ, ಕೈಯಿಂದ ಯಾಕೆ ಕೊಡ್ತೀರಿ" ಎಂದರು. ದುಡ್ಡು ಯಾರು ಕೊಟ್ಟರೂ ಅವರಿಗೆ ಒಂದೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅಂದಾಜು ಪಟ್ಟಿಯನ್ನು ಸರಿಯಾಗಿ ಓದದೆಯೇ ಕ್ಲೇಮ್ ಅರ್ಜಿಗೆ ಸಹಿ ಹಾಕಿದೆ.

ಬಿಲ್ಲು 11,100 ರೂಪಾಯಿ ಆಯಿತು: ಬಂಪರಿಗೆ 4,200, ಕ್ಲಿಪ್ಪು ಮುಂತಾದ ಪ್ಲಾಸ್ಟಿಕ್ ಸಾಮಾನಿಗೆ 600, ಬಣ್ಣಕ್ಕೆ 4,800, ಕೂಲಿ 1,500. ಪ್ಲಾಸ್ಟಿಕ್ ಭಾಗಗಳಿಗೆ, ಕಾರು ಎಷ್ಟೇ ಹೊಸದಿರಲಿ, ಸವಕಳಿಯೆಂದು ಶೇ. 50ರಷ್ಟು ಕಡಿತವಾಗುತ್ತದೆ, ಬಣ್ಣದ ಖರ್ಚಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದು ಹಿಡಿದು ಅದರಲ್ಲೂ ಅರ್ಧ ಕಳೆಯುತ್ತಾರೆ. ಇದರ ಮೇಲೆ, 1,500 ಸಿಸಿಯೊಳಗಿನ ಕಾರಿನ ಮಾಲೀಕ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ 1,000 ರೂಪಾಯಿಯನ್ನು ತಾನೇ ಭರಿಸಬೇಕು. ಅದಕ್ಕಿಂತ ದೊಡ್ಡ ಎಂಜಿನ್ನಾದರೆ 2,000. ಕೊನೆಗೆ ವಿಮೆಯಿಂದ ಬಂದದ್ದು 7,100, ನನ್ನ ಜೇಬಿನಿಂದ ಹೋದದ್ದು 4,000. ಸವಕಳಿ ಕಡಿತ ತಪ್ಪಿಸುವ, ನಮ್ಮಲ್ಲಿ 'ಬಂಪರ್ ಟು ಬಂಪರ್' ಎನ್ನುವ ಸೌಲಭ್ಯವನ್ನು ಹಿಂದಿನ ವರ್ಷವಷ್ಟೇ ದುಬಾರಿಯೆಂದು ಕೈಬಿಟ್ಟಿದ್ದೆ.

ನಿಜವಾದ ಪೆಟ್ಟು ಬಿದ್ದದ್ದು ಅಕ್ಟೋಬರಿನಲ್ಲಿ, ನವೀಕರಣದ ಪತ್ರ ಬಂದಾಗ. ನಾಲ್ಕು ವರ್ಷ ಕ್ಲೇಮ್ ಮಾಡದ ಕಾರಣ ನನಗೆ ಶೇ. 45ರ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಕಂತಿನಲ್ಲಿ ಅಷ್ಟು ರಿಯಾಯಿತಿ, ಇತ್ತು. ಈ ಸಲ ಅದು ಗರಿಷ್ಠ ಮಿತಿಯಾದ ಶೇ. 50 ಆಗಬೇಕಿತ್ತು. ಪತ್ರದಲ್ಲಿ ಆ ಸಾಲಿನ ಮುಂದೆ ಸೊನ್ನೆ ಇತ್ತು. ಈ ಬೋನಸ್ ಅನ್ವಯಿಸುವುದು ನಮ್ಮದೇ ಕಾರಿನ ರಕ್ಷಣೆಗೆ ಕಟ್ಟುವ ಸ್ವಂತ ಹಾನಿಯ ಕಂತಿಗೆ ಮಾತ್ರ, ಬೇರೆಯವರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಕಂತಿಗಲ್ಲ. ನನ್ನ ಸ್ವಂತ ಹಾನಿಯ ಕಂತು ತೆರಿಗೆ ಬಿಟ್ಟು 9,000 ರೂಪಾಯಿ; 4,500 ಕಟ್ಟಬೇಕಿದ್ದವನು ಪೂರ್ತಿ ಕಟ್ಟಿದೆ. ಅಲ್ಲಿಗೂ ಮುಗಿಯಲಿಲ್ಲ. ಬೋನಸ್ ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಿ 50ನ್ನು ಮುಟ್ಟಲು ಐದು ವರ್ಷ ಬೇಕು. ಕಾರಿನ ಬೆಲೆಯೊಂದಿಗೆ ಕಂತೂ ಇಳಿಯುತ್ತದೆಂದು ಹಿಡಿದರೂ ಅಷ್ಟರೊಳಗೆ ನಾನು ಹೆಚ್ಚುವರಿಯಾಗಿ ತೆರುವುದು ಹತ್ತು ಸಾವಿರದ ಆಸುಪಾಸು. 7,100 ಪಡೆಯಲು ಹತ್ತು ಸಾವಿರ ಕೊಟ್ಟಂತಾಯಿತು.

ಆದ್ದರಿಂದ ಸಹಿ ಹಾಕುವ ಮುನ್ನ ಬಂಪರ್ ಬಿಚ್ಚಿಸಿ, ಹಿಂದಿರುವ ರೇಡಿಯೇಟರಿಗೆ ಪೆಟ್ಟಾಗಿದೆಯೇ ಎಂದು ನೋಡಿಸಿ, ಅಂದಾಜನ್ನು ಬರಹದಲ್ಲಿ ಪಡೆದು, ಕಡಿತ ಕಳೆದು ಉಳಿಯುವ ಮೊತ್ತವನ್ನು ಬೋನಸ್ಸಿನ ನಷ್ಟದ ಪಕ್ಕದಲ್ಲಿಟ್ಟು ನೋಡಿ. ರೇಡಿಯೇಟರ್ ಒಡೆದು ಬಿಲ್ಲು ನಲವತ್ತು ಸಾವಿರ ದಾಟಿದ್ದರೆ ನಾನೂ ಹಿಂದುಮುಂದು ನೋಡದೆ ಕ್ಲೇಮ್ ಮಾಡುತ್ತಿದ್ದೆ. ಯಾರಿಗಾದರೂ ಗಾಯವಾಗಿದ್ದರಂತೂ ಈ ಲೆಕ್ಕಾಚಾರವೇ ಸಲ್ಲದು: ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಿ, ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಎದುರಿನವರ ವಾಹನ ಹಾಳಾಗಿದ್ದರೆ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿ ದುಡ್ಡು ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ.

ನವೀಕರಣದ ಹೊತ್ತಿಗೆ ಪರಿಚಯದ ಏಜೆಂಟರೊಬ್ಬರು ಬೇರೆ ಕಂಪನಿಗೆ ಬದಲಾಯಿಸಿ, 'ಕ್ಲೇಮ್ ಮಾಡಿಲ್ಲ' ಎಂಬಲ್ಲಿ ಗುರುತು ಹಾಕಿಬಿಡಿ, ಯಾರು ಕೇಳುತ್ತಾರೆ ಎಂದರು. ಹೊಸ ಕಂಪನಿ ಹಳೆಯದನ್ನು ವಿಚಾರಿಸಿಯೇ ವಿಚಾರಿಸುತ್ತದೆ. ಸುಳ್ಳೆಂದು ಗೊತ್ತಾದರೆ ಸ್ವಂತ ಹಾನಿಯ ರಕ್ಷಣೆಯೇ ರದ್ದಾಗುತ್ತದೆಂದು ಆ ಗುರುತಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಈ ಸಲ ಓದಿಕೊಂಡೆ, 9,000 ಕಟ್ಟಿ ಬಂದೆ.